ಅಟಿಕಸ್ ಬಂದರು, ಟಾಮ್ ಬಂದ

ಹೋದ ತಿಂಗಳು ನಮ್ಮ ಬಳಗದ ಶುಕ್ರವಾರದ ಓದಿನ ಕೂಟದಲ್ಲಿ ನಾವು ನಾಲ್ಕು ಮಂದಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡಿದೆವು. ಪುಸ್ತಕ ಯಾವ ಭಾಷೆಯದ್ದಾದರೂ ಇರಲಿ, ಹೇಳೋದು ಮಾತ್ರ ಕನ್ನಡದಲ್ಲೇ ಅನ್ನೋದು ಕೂಟದ ನಿಯಮ. ನಾವು ಆರಿಸಿಕೊಂಡಿದ್ದು ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ನಾಲ್ವರೂ ಹೈಸ್ಕೂಲಿನಲ್ಲಿ ಅದನ್ನು ಓದಿದ್ದೆವು, ನಾಲ್ವರಿಗೂ ಅದು ಭಾರೀ ಇಷ್ಟ. ಟಾಮ್ ರಾಬಿನ್ಸನ್ ಸತ್ತ ಸುದ್ದಿ ಬರುವ ಪುಟದಲ್ಲಿ ಅತ್ತಿದ್ದೆವು ಅಂತ ಹೇಳಿಕೊಳ್ಳೋದಕ್ಕೆ ಸ್ವಲ್ಪ ಹೆಮ್ಮೆನೂ ಇತ್ತು.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಪುಸ್ತಕ ಬಂದಿದ್ದು 1960ರಲ್ಲಿ, ಮರುವರ್ಷ ಪುಲಿಟ್ಜರ್ ಬಹುಮಾನ ಸಿಕ್ತು. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ ಮೇಕೊಂಬ್ ಅನ್ನೋ ಕಲ್ಪಿತ ಊರು. 1930ರ ದಶಕ. ಸ್ಕೌಟ್ ಅನ್ನೋ ಸಣ್ಣ ಹುಡುಗಿ ಕತೆ ಹೇಳ್ತಾಳೆ. ಅವಳ ಅಪ್ಪ ಅಟಿಕಸ್ ಫಿಂಚ್ ವಕೀಲ. ಟಾಮ್ ರಾಬಿನ್ಸನ್ ಅನ್ನೋ ಕರಿಯ ಕೂಲಿ ಮನುಷ್ಯನ ಮೇಲೆ ಬಿಳಿ ಹುಡುಗಿಯೊಬ್ಬಳ ಅತ್ಯಾಚಾರದ ಸುಳ್ಳು ಆರೋಪ. ಅಟಿಕಸ್ ಅವನ ಪರ ವಾದ ಮಾಡ್ತಾರೆ. ಅವನು ನಿರಪರಾಧಿ ಅಂತ ಇಡೀ ಕೋರ್ಟಿಗೆ ಗೊತ್ತಾಗುತ್ತೆ, ಆದರೂ ಜ್ಯೂರಿ ಅಪರಾಧಿ ಅನ್ನುತ್ತೆ. ಇದನ್ನೆಲ್ಲ ನೋಡ್ತಾ ನೋಡ್ತಾ ಸ್ಕೌಟ್ ದೊಡ್ಡವಳಾಗ್ತಾಳೆ.

ಈಗ ಮೇಲಿನ ಪ್ಯಾರಾ ಇನ್ನೊಮ್ಮೆ ಓದಿ. ‘ಅಟಿಕಸ್ ವಾದ ಮಾಡ್ತಾರೆ.’ ‘ಅವನು ನಿರಪರಾಧಿ.’ ಕೂಟದಲ್ಲೂ ನಾವು ಹೀಗೇ ಹೇಳಿದ್ದು. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಗೆಳೆಯ ಕೈ ಎತ್ತಿದ. (ಅವನ ಹೆಸರು ಬರೀಬ್ಯಾಡ್ರಿ ಅಂದಿದ್ದಾನೆ, ಬರೆಯಲ್ಲ. ನಮ್ಮ ಹಾಸ್ಟೆಲಿನವನೇ, ನಮ್ಮ ಜಿಲ್ಲೆಯವನೇ.)

‘ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಟಿಕಸ್‌ಗ ಅವರು ಅಂತೀರಿ, ಟಾಮ್‌ಗ ಅವನು ಅಂತೀರಿ. ಇಂಗ್ಲಿಷ್‌ನ್ಯಾಗ ಇಬ್ಬರಿಗೂ ಒಂದ ಶಬ್ದ ಐತಲ್ಲ. ಈ ಫರಕ್ ಎಲ್ಲಿಂದ ತಂದ್ರಿ?’

ಟಾಮ್‌ಗೆ ಬರೀ ಇಪ್ಪತ್ತೈದು ವರ್ಷ, ಅಟಿಕಸ್‌ಗೆ ಐವತ್ತರ ಹತ್ತಿರ, ಅದಕ್ಕೆ ಅಂದೆವು. ‘ಹಂಗಾದ್ರ ಕ್ಯಾಲ್‌ಪುರ್ನಿಯಾ?’ ಅಂದ. ಕ್ಯಾಲ್‌ಪುರ್ನಿಯಾ ಅಟಿಕಸ್ ಮನೆಯಲ್ಲಿ ಅಡುಗೆ ಮಾಡುವ, ತಾಯಿ ಇಲ್ಲದ ಮಕ್ಕಳನ್ನು ಬೆಳೆಸುವ ಕರಿಯ ಹೆಂಗಸು. ಅಟಿಕಸ್‌ಗಿಂತ ವಯಸ್ಸಿನಲ್ಲಿ ದೊಡ್ಡವರು, ಪುಸ್ತಕದಲ್ಲೇ ಅವರ ಬಾಯಿಂದ ಆ ಮಾತು ಬರುತ್ತೆ. ನಾವು ಇಡೀ ಇಪ್ಪತ್ತು ನಿಮಿಷ ‘ಬಂದಳು, ಹೋದಳು, ಬೈದಳು’ ಅಂತಲೇ ಹೇಳಿದ್ದೆವು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾರೋ ಮೊಬೈಲ್ ನೋಡಿಕೊಂಡು ಮೆಸ್ ಬಂದ್ ಆಗೋ ಹೊತ್ತಾಯ್ತು ಅಂದರು, ಕೂಟ ಮುಗೀತು.

ಆ ಪ್ರಶ್ನೆ ಮಾತ್ರ ಮುಗಿಯಲಿಲ್ಲ. ಈ ಬರಹ ಅದರ ಬಗ್ಗೆನೇ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರು ಅಮೆರಿಕದ ಈ ಪುಸ್ತಕಗಳನ್ನು ತಪ್ಪಾಗಿ ಓದಿದ್ದೇವೆ. ಅರ್ಥ ಆಗಲಿಲ್ಲ ಅಂತಲ್ಲ. ನಾವು ಎಲ್ಲಿ ನಿಂತು ಓದ್ತಿದ್ದೇವೆ ಅನ್ನೋದನ್ನು ನೋಡಿಕೊಳ್ಳದೆ ಓದಿದ್ದೇವೆ.

ನಾವು ನಾಲ್ವರು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳವರು. ಹಳದಿ ವ್ಯಾನಿನಲ್ಲಿ ಕೂತು ಇಂಗ್ಲಿಷ್ ಮೀಡಿಯಂ ಸಾಲಿಗೆ ಹೋದವರು. ನಮ್ಮಲ್ಲೊಬ್ಬರ ಸಾಲಿಯಲ್ಲಿ ಕ್ಲಾಸಿನೊಳಗೆ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ ಇತ್ತು. ಕನ್ನಡ ಒಂದು ಸಬ್ಜೆಕ್ಟು. ಕವಿ ಪರಿಚಯ, ಸಾರಾಂಶ, ಸಂದರ್ಭ ಸೂಚಿಸಿ ವಿವರಿಸಿ, ಮುಗೀತು. ಜಾತಿ ಬಗ್ಗೆ ಒಂದು ಪಾಠ ಇದ್ದರೂ ಅದು ನಾಲ್ಕು ಮಾರ್ಕ್ಸಿನ ಪ್ರಶ್ನೆ. ಮನಸ್ಸಿಟ್ಟು, ಡಿಕ್ಷನರಿ ಇಟ್ಟುಕೊಂಡು, ರಾತ್ರಿ ಕೂತು ಓದಿದ್ದು ಇಂಗ್ಲಿಷ್ ಕಾದಂಬರಿಗಳನ್ನು. ಅನ್ಯಾಯ ಅಂದರೆ ಏನು ಅಂತ ನಾವು ಕಲಿತಿದ್ದು ಅಲಬಾಮಾದಿಂದ. ಅಲ್ಲಿ ಅಳೋದು ಸುಲಭ ಇತ್ತು, ಯಾಕಂದ್ರೆ ಅಲ್ಲಿ ನಮ್ಮ ಪೈಕಿ ಯಾರೂ ಇರಲಿಲ್ಲ.

ಅದೇ ಕಾದಂಬರಿಯಲ್ಲಿ ಒಂದು ಪ್ರಸಂಗ ಇದೆ, ಹೈಸ್ಕೂಲಿನಲ್ಲಿ ಬೋರು ಅಂತ ಹಾರಿಸಿದ್ದೆವು. ಅಟಿಕಸ್ ಮನೆಯಲ್ಲಿ ಊರಿನ ದೊಡ್ಡ ಮನೆತನದ ಹೆಂಗಸರೆಲ್ಲ ಸೇರಿ ಚಾ ಕುಡೀತಾರೆ. ಆಫ್ರಿಕಾದ ಕಾಡಿನಲ್ಲಿರೋ ಮ್ರೂನಾ ಅನ್ನೋ ಜನರ ಬಡತನ ನೆನೆಸಿಕೊಂಡು ಒಬ್ಬಾಕೆಗೆ ಕಣ್ಣೀರೇ ಬರುತ್ತೆ. ಅದೇ ಬಾಯಿಂದ, ಟಾಮ್‌ಗೆ ಶಿಕ್ಷೆ ಆದಾಗಿಂದ ನಮ್ಮ ಮನೆ ಅಡುಗೆಯವಳು ಮುಖ ಊದಿಸಿಕೊಂಡೇ ಇರ್ತಾಳೆ, ತಲೆಬೇನೆ ಅಂತ ದೂರುತ್ತಾಳೆ. ಈಗ ಓದಿದಾಗ ಗೊತ್ತಾಗಿದ್ದು, ಆ ಪುಸ್ತಕದಲ್ಲಿ ನಾವು ಸ್ಕೌಟ್ ಅಲ್ಲ. ನಾವು ಈ ಚಾ ಕುಡಿಯುವ ಹೆಂಗಸರು. ಅವರಿಗೆ ಮ್ರೂನಾ, ನಮಗೆ ಮೇಕೊಂಬ್.

ಚಾ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡೋಣ. ನಮ್ಮಲ್ಲೊಬ್ಬರ ಮನೆಯಲ್ಲಿ (ಯಾರ ಮನೆ ಅಂತ ಹೇಳಲ್ಲ, ಉಳಿದ ಮೂರು ಮನೆಗಳಲ್ಲೂ ಇಂಥದ್ದೇ ಏನಾದರೂ ಇತ್ತು) ಹಿತ್ತಲ ಬಾಗಿಲ ಹೊರಗೆ ಗೋಡೆಯ ಮಾಡದಲ್ಲಿ ಒಂದು ಕಪ್ಪು ಇರ್ತಿತ್ತು. ಹಿಡಿಕೆ ಮುರಿದ ಪಿಂಗಾಣಿ ಕಪ್ಪು. ಹೊಲದಲ್ಲಿ ಕಸ ತೆಗೆಯೋಕೆ, ಹತ್ತಿ ಬಿಡಿಸೋಕೆ, ಕಡ್ಲಿ ಕೀಳೋಕೆ ಬರುವ ಒಬ್ಬ ಹೆಣ್ಣುಮಗಳದ್ದು. ಕುಡಿದ ಮೇಲೆ ಅವರೇ ತೊಳೆದು, ಅವರೇ ಮಾಡದಲ್ಲಿ ಬೋರಲು ಹಾಕಬೇಕು. ಅವ್ವ ಮೇಲಿನಿಂದ ಚಾ ಹಾಕುವಾಗ ಕಿಟ್ಲಿ ಕಪ್ಪಿಗೆ ತಾಗಬಾರದು. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಎಳ್ಳಮಾಸಿಗೆ ಚರಗ ಚೆಲ್ಲೋದು ಹೆಂಗೆ ಬಂತೋ ಇದೂ ಹಂಗೇ ಬಂತು. ಆ ಹೆಣ್ಣುಮಗಳು ನಮ್ಮನ್ನು ಎತ್ತಿ ಆಡಿಸಿದವರು. ಆರು ವರ್ಷದ ನಾವು ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೀತಿದ್ದೆವು, ಅವರು ನಮಗೆ ‘ಸಣ್ಣಗೌಡ್ರ’ ಅಂತಿದ್ದರು. ಈ ಪ್ಯಾರಾದಲ್ಲಿ ಮೊದಲು ‘ಅವಳು’ ಅಂತಲೇ ಟೈಪಾಗಿತ್ತು, ಅಳಿಸಿ ತಿದ್ದಿದೆವು. ಬೆರಳಿಗೆ ಅಷ್ಟು ರೂಢಿ.

ನಮ್ಮ ಗೆಳೆಯ ಹಿಡಿದ ಫರಕ್ ಇದೇ. ಇಂಗ್ಲಿಷಿನಲ್ಲಿ ಓದುವಾಗ ಯಾರಿಗೆ ಎಷ್ಟು ಮರ್ಯಾದೆ ಅಂತ ನಾವು ನಿರ್ಧಾರ ಮಾಡಬೇಕಾಗಿಲ್ಲ. ಕನ್ನಡದಲ್ಲಿ ಹೇಳೋಕೆ ಹೋದ ಕೂಡಲೇ ಪ್ರತಿ ಕ್ರಿಯಾಪದಕ್ಕೂ ನಿರ್ಧಾರ ಮಾಡಬೇಕು. ಬಂದನೋ ಬಂದರೋ? ನಾವು ಯೋಚನೆ ಮಾಡದೆ ನಿರ್ಧಾರ ಮಾಡಿದೆವು. ಮೇಕೊಂಬಿನ ಮಂದಿಯನ್ನು ನಮ್ಮೂರಿನ ಲೆಕ್ಕದಲ್ಲೇ ಊರು, ಕೇರಿ ಅಂತ ಕೂರಿಸಿಬಿಟ್ಟೆವು.

ಕ್ಯಾಲ್‌ಪುರ್ನಿಯಾ ಬಗ್ಗೆ ಇನ್ನೊಂದು ಮಾತಿದೆ. ಒಂದು ಭಾನುವಾರ ಅವರು ಸ್ಕೌಟ್ ಮತ್ತು ಅವಳ ಅಣ್ಣ ಜೆಮ್ ಇಬ್ಬರನ್ನೂ ತಮ್ಮ ಜನರ ಚರ್ಚಿಗೆ ಕರೆದುಕೊಂಡು ಹೋಗ್ತಾರೆ. ಅಲ್ಲಿ ಅವರ ಮಾತೇ ಬೇರೆ ಆಗಿಬಿಡುತ್ತೆ. ಮನೆಯಲ್ಲಿ ಒಂದು ಇಂಗ್ಲಿಷು, ತಮ್ಮವರ ನಡುವೆ ಇನ್ನೊಂದು. ಯಾಕೆ ಹಿಂಗೆ ಎರಡು ಥರ ಮಾತಾಡ್ತೀ ಅಂತ ಸ್ಕೌಟ್ ಕೇಳ್ತಾಳೆ. ತಮ್ಮವರ ಮುಂದೆ ಶುದ್ಧ ಮಾತಾಡಿದರೆ ದೊಡ್ಡಸ್ತಿಕೆ ತೋರಿಸಿದ ಹಾಗಾಗುತ್ತೆ ಅನ್ನೋ ಅರ್ಥದಲ್ಲಿ ಅವರು ಹೇಳ್ತಾರೆ. ಈ ಪ್ರಸಂಗ ನಮಗೆ ಬಾಳ ಹತ್ತಿರ, ಯಾಕಂದ್ರೆ ನಮಗೂ ಎರಡು ಕನ್ನಡ ಇದೆ. ಮೊದಲ ಸೆಮಿಸ್ಟರಿನಲ್ಲಿ ‘ಏನ್ ಮಾಡಾಕತ್ತೀರಿ’ ಅಂದಿದ್ದಕ್ಕೆ ಕ್ಲಾಸ್ ನಕ್ಕಿತು. ‘ಲೇ ಮಗನ ಅನ್ನು, ಇನ್ನೊಂದ್ ಸಲ ಅನ್ನು’ ಅಂತ ಬೆಂಗಳೂರು ಕಡೆಯ ಗೆಳೆಯರು ವಿಡಿಯೋ ಮಾಡಿಕೊಂಡರು. ಸಿನಿಮಾದಲ್ಲಿ ನಮ್ಮ ಮಾತು ಅಂದರೆ ಕಾಮಿಡಿ, ಇಲ್ಲಾಂದ್ರೆ ರೌಡಿ. ಎರಡು ತಿಂಗಳಲ್ಲಿ ನಾವು ‘ಮಾಡ್ತಾ ಇದ್ದೀನಿ’ ಕಲಿತೆವು. ಮನೆಗೆ ಫೋನ್ ಮಾಡುವಾಗ ಕಾರಿಡಾರಿನ ತುದಿಗೆ ಹೋಗಿ ಮಾತಾಡೋದನ್ನೂ ಕಲಿತೆವು. ಒಂದು ಕ್ರೆಡಿಟ್ಟಿನ ಸಾಂಸ್ಕೃತಿಕ ಕನ್ನಡ ಪಾಸಾಗೋಕೆ ಅದೇನೂ ಬೇಕಿರಲಿಲ್ಲ, ಮಾನ ಉಳಿಸಿಕೊಳ್ಳೋಕೆ ಬೇಕಿತ್ತು.

ಆ ನೋವು ಸುಳ್ಳಲ್ಲ. ಆದರೆ ಆ ನೋವನ್ನು ಇಟ್ಟುಕೊಂಡು ನಾವು ಒಂದು ವರ್ಷ ನಮ್ಮನ್ನು ನಾವೇ ಟಾಮ್ ರಾಬಿನ್ಸನ್ ಪಾರ್ಟಿ ಅಂದುಕೊಂಡಿದ್ದೆವು. ಉತ್ತರ ಕರ್ನಾಟಕಕ್ಕೆ ಅನ್ಯಾಯ, ನಮ್ಮ ಭಾಷೆಗೆ ಅನ್ಯಾಯ ಅಂತ ಇದೇ ಮ್ಯಾಗಜೀನಿನಲ್ಲಿ ಬರೆದೂ ಇದ್ದೆವು. ನಮ್ಮ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ನಕ್ಕ. ‘ನಿಮಗ ಎರಡು ಕನ್ನಡ ಐತಿ, ನನಗ ಮೂರು’ ಅಂದ. ಕಾಲೇಜಿನದ್ದು ಒಂದು, ಹುಬ್ಬಳ್ಳಿ-ಧಾರವಾಡದ್ದು ಒಂದು, ಗೌಡರ ಮುಂದೆ ನಿಂತು ಮಾತಾಡೋದು ಇನ್ನೊಂದು. ಮೂರನೆಯದರಲ್ಲಿ ಪ್ರತಿ ಮಾತಿನ ಕೊನೆಗೆ ‘ರೀ’ ಬರಲೇಬೇಕು, ಆ ಕಡೆಯಿಂದ ಬರಲ್ಲ.

ಇನ್ನು ಹಾಸ್ಟೆಲ್. ಮೊದಲ ವಾರದಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆ ‘ಸಿಇಟಿ ರ‍್ಯಾಂಕ್ ಎಷ್ಟು?’ ಇದು ಮಾರ್ಕ್ಸಿನ ಪ್ರಶ್ನೆ ಅಲ್ಲ ಅಂತ ನಿಮಗೂ ಗೊತ್ತು. ರ‍್ಯಾಂಕ್ ಕೇಳಿ, ಬ್ರಾಂಚ್ ಕೇಳಿ, ಮನಸ್ಸಲ್ಲೇ ಕಟಾಫ್ ಲೆಕ್ಕ ಹಾಕಿ ಕೆಟಗರಿ ಕಂಡುಹಿಡಿಯೋದು. ನಮ್ಮ ಕಡೆಯವರಿಗೆ ಇಷ್ಟು ಕಷ್ಟನೂ ಇಲ್ಲ, ಅಡ್ಡಹೆಸರು ಕೇಳಿದರೆ ಸಾಕು. ಹಿರೇಮಠ, ಕುಲಕರ್ಣಿ, ಪಾಟೀಲ, ಬಡಿಗೇರ, ಕಮ್ಮಾರ, ಮಾದರ. ಹಾಜರಿ ಪಟ್ಟಿಯೇ ಊರಿನ ನಕ್ಷೆ. ನಮ್ಮ ಸಾಲಿಯ ಹಾಜರಿಯಲ್ಲಿ ‘ಹರಿಜನ’ ಅಂತಲೇ ಅಡ್ಡಹೆಸರು ಇದ್ದ ಹುಡುಗ ಇದ್ದ. ಪ್ರತಿದಿನ ಬೆಳಿಗ್ಗೆ ಮೇಡಂ ಅದನ್ನು ಜೋರಾಗಿ ಕೂಗುವಾಗ ಅವನು ‘ಪ್ರೆಸೆಂಟ್’ ಅನ್ನಬೇಕು. ಹತ್ತು ವರ್ಷ ಅವನ ಜೊತೆ ಓದಿದ ನಮಗೆ ಇದರಲ್ಲಿ ಏನೋ ಇದೆ ಅಂತ ಒಂದು ಸಲಾನೂ ಅನ್ನಿಸಲಿಲ್ಲ. ಟಾಮ್ ರಾಬಿನ್ಸನ್‌ಗೆ ಅಳ್ತಿದ್ದೆವಲ್ಲ, ಅದೇ ಕ್ಲಾಸಿನಲ್ಲಿ.

ನಮ್ಮ ನಾಲ್ವರಲ್ಲಿ ಇಬ್ಬರು 3ಬಿ, ಒಬ್ಬರು 2ಎ, ಒಬ್ಬರು ಜಿಎಂ. ಮೂವರಿಗೆ ಗ್ರಾಮೀಣ ಕೋಟಾನೂ ಇತ್ತು. ಅಂದ್ರೆ ಮೀಸಲಾತಿ ನಮಗೂ ಸಿಕ್ಕಿದೆ. ಆದರೆ ಯಾರೂ ನಮ್ಮ ಬೆನ್ನ ಹಿಂದೆ ‘ಸರ್ಕಾರದ ಅಳಿಯ’ ಅಂತ ಅನ್ನಲಿಲ್ಲ. ನಮ್ಮ ಗೆಳೆಯನಿಗೆ ಅಂದರು. ಒಂದು ಸಲ ನಾವೂ ನಕ್ಕೆವು.

ಈ ಮಾತು ಹೊಸದಲ್ಲ ಅಂತ ನಮಗೆ ಗೊತ್ತಾಗಿದ್ದು ಲೈಬ್ರರಿಯಲ್ಲಿ. ಅರವಿಂದ ಮಾಲಗತ್ತಿಯವರ ಆತ್ಮಕತೆಯ ಹೆಸರೇ ‘ಗೌರ್ಮೆಂಟ್ ಬ್ರಾಹ್ಮಣ’. ಬಂದಿದ್ದು 1994ರಲ್ಲಿ, ಕನ್ನಡದ ಮೊದಮೊದಲ ದಲಿತ ಆತ್ಮಕತೆಗಳಲ್ಲಿ ಒಂದು. ಆ ಹೆಸರು ಕೂಡ ಇಂಥದ್ದೇ ಒಂದು ಚುಚ್ಚುಮಾತು, ಸರ್ಕಾರದ ಸವಲತ್ತು ಪಡೆದು ಓದುವ ದಲಿತ ಹುಡುಗರಿಗೆ ಹೇಳ್ತಿದ್ದದ್ದು. ಅವರು ಅದನ್ನೇ ತೆಗೆದು ಪುಸ್ತಕದ ಮೇಲೆ ಇಟ್ಟರು. ಮಾಲಗತ್ತಿಯವರು ವಿಜಯಪುರ ಜಿಲ್ಲೆ ಮುದ್ದೇಬಿಹಾಳದವರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮುದ್ದೇಬಿಹಾಳ ನಮ್ಮ ಕಡೆಯಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಲಬಾಮಾದಷ್ಟು ದೂರ ಅಲ್ಲ.

ನಿಜ ಹೇಳಬೇಕಂದ್ರೆ ನಮಗೆ ಓದೋಕೆ ಕಷ್ಟ ಆಯ್ತು. ಇಂಗ್ಲಿಷಿನಲ್ಲಿ ಗಂಟೆಗೆ ನಲವತ್ತು ಪುಟ ಓದುವ ನಾವು ಕನ್ನಡದಲ್ಲಿ ಹದಿನೈದಕ್ಕೆ ಸುಸ್ತು. ಇಂಗ್ಲಿಷ್ ಅನುವಾದ ಇದೆ, 2007ರಲ್ಲಿ ಬಂದಿದ್ದು, ಅದನ್ನೇ ಓದಿಬಿಡೋಣ ಅಂತ ಒಬ್ಬರು ಅಂದರು. ಬೇಡ ಅಂದೆವು. ಅನುವಾದದಲ್ಲಿ ಮತ್ತೆ ಅದು ದೂರದ ಕತೆ ಆಗಿಬಿಡುತ್ತೆ ಅನ್ನೋ ಭಯ. ಒಬ್ಬರು ಜೋರಾಗಿ ಓದೋದು, ಮೂವರು ಕೇಳೋದು ಅಂತ ಮಾಡಿಕೊಂಡೆವು. ಜೋರಾಗಿ ಓದುವಾಗ ಕೆಲವು ಕಡೆ ಬಾಯಿ ನಿಂತಿತು. ಶಬ್ದ ಗೊತ್ತಿಲ್ಲ ಅಂತಲ್ಲ, ಗೊತ್ತಿದ್ದಕ್ಕೆ. ಅಲ್ಲಿ ಬೈದವರ ಮಾತು ನಮ್ಮ ಅಜ್ಜನ ಮಾತಿನಂತೆಯೇ ಇತ್ತು.

ಇನ್ನೊಂದು ವಿಚಾರ, ಆ ಪುಸ್ತಕದಲ್ಲಿ ಅಟಿಕಸ್ ಇಲ್ಲ. ಅಂದ್ರೆ ನಮ್ಮಂಥವರು ಹೋಗಿ ಪಕ್ಕದಲ್ಲಿ ಕೂತು ‘ನಾವೂ ಇವರ ಥರ ಒಳ್ಳೆಯವರು’ ಅಂದುಕೊಳ್ಳೋಕೆ ಒಂದು ಕುರ್ಚಿ ಇಲ್ಲ. ಮಾಕಿಂಗ್‌ಬರ್ಡ್ ಕಾದಂಬರಿಯ ಮೇಲೆ ಅಮೆರಿಕದಲ್ಲೇ ಇರುವ ದೊಡ್ಡ ತಕರಾರು ಇದು. ಟಾಮ್ ಕತೆಯಲ್ಲಿ ಟಾಮ್ ಎಷ್ಟು ಮಾತಾಡ್ತಾನೆ? ಸಾರಿ, ಮಾತಾಡ್ತಾರೆ? ಕೋರ್ಟಿನಲ್ಲಿ ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವರ ಮೂರು ಮಕ್ಕಳಲ್ಲಿ ಒಂದಾದರೂ ಕತೆ ಹೇಳಿದ್ದರೆ ಪುಸ್ತಕ ಬೇರೆಯೇ ಆಗ್ತಿತ್ತು. ಟೋನಿ ಮಾರಿಸನ್ 1970ರಲ್ಲಿ ‘ದ ಬ್ಲೂಯೆಸ್ಟ್ ಐ’ ಬರೆದಾಗ ಹಾಗೇ ಮಾಡಿದರು. ಅದರಲ್ಲಿ ನೀಲಿ ಕಣ್ಣು ಬೇಕು ಅಂತ ಹಂಬಲಿಸುವ ಕರಿಯ ಹುಡುಗಿ ಪೆಕೋಲಾ ಕಡೆಯಿಂದ ನೋಡಬೇಕು, ಬಿಳಿ ವಕೀಲರ ಪಡಸಾಲೆಯಿಂದ ಅಲ್ಲ. ನಮ್ಮ ಸಾಲಿಯಲ್ಲಿ ಅದನ್ನು ಯಾರೂ ಓದಿಸಲಿಲ್ಲ.

ಅಮೆರಿಕ ಬೇಡ, ಕನ್ನಡ ಮಾತ್ರ ಓದಿ ಅಂತ ನಾವು ಹೇಳ್ತಿಲ್ಲ. ಅಮೆರಿಕದ ಕರಿಯರ ಹೋರಾಟವನ್ನು ನಮ್ಮಲ್ಲಿ ಸರಿಯಾಗಿ ಓದಿದವರು ಇದ್ದರು. ಅಂಬೇಡ್ಕರ್ 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1946ರಲ್ಲಿ ಕರಿಯರ ದೊಡ್ಡ ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದು, ನೀವು ವಿಶ್ವಸಂಸ್ಥೆಗೆ ಕೊಟ್ಟಿರುವ ಮನವಿಯ ಪ್ರತಿ ಕಳಿಸಿ, ನಮ್ಮವರ ಸ್ಥಿತಿಯೂ ಹಾಗೇ ಇದೆ ಅಂತ ಕೇಳಿದರು. 1972ರಲ್ಲಿ ಮುಂಬೈಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ತಂದಿದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಒಂದು ಶಾಲೆಯಲ್ಲಿ ಅವರನ್ನು ‘ಅಮೆರಿಕದ ಅಸ್ಪೃಶ್ಯ’ ಅಂತ ಪರಿಚಯ ಮಾಡಿಕೊಟ್ಟರಂತೆ. ಮೊದಲು ಅವರಿಗೆ ಆಘಾತ ಆಯ್ತು, ಆಮೇಲೆ ಹೌದು ಅನ್ನಿಸಿತು ಅಂತ ಅವರೇ ಮುಂದೆ ಹೇಳಿದರು. ಇವರೆಲ್ಲ ಎರಡು ಕಡೆಯ ಕತೆ ಒಂದೇ ಅಂತ ಗುರುತು ಹಿಡಿದರು. ನಾವು ಅದೇ ಕತೆಯನ್ನು ನಮ್ಮಿಂದ ದೂರ ಇಡೋಕೆ ಬಳಸಿಕೊಂಡೆವು.

ಕಾನೂನಿನ ಮಾತು ಕೂಡ ನೋಡಿ. ಹಾರ್ಪರ್ ಲೀ ಪುಸ್ತಕ ಬರೆದಾಗ ಅಲಬಾಮಾದಲ್ಲಿ ಕರಿಯರನ್ನು ಬೇರೆ ಕೂರಿಸೋದೇ ಕಾನೂನಾಗಿತ್ತು. ಸಿವಿಲ್ ರೈಟ್ಸ್ ಆಕ್ಟ್ ಬಂದಿದ್ದು 1964ರಲ್ಲಿ. ನಮ್ಮಲ್ಲಿ 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧ ಮಾಡಿತ್ತು. ನಾವದನ್ನು ಸಂವಿಧಾನದ ಪೇಪರಿನಲ್ಲಿ ಎಂಸಿಕ್ಯೂ ಆಗಿ ಟಿಕ್ ಮಾಡಿ ಬಂದೆವು. ಮಾಡದಲ್ಲಿನ ಕಪ್ಪು ಆಗಲೂ ಅಲ್ಲೇ ಇತ್ತು.

ನಮ್ಮ ಕಡೆ ಕತೆಗಳು ಇಲ್ಲ ಅಂತಲ್ಲ. ಕುಂದಗೋಳದ ಗೆಳೆಯರು ಪ್ರತಿವರ್ಷ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಅಹೋರಾತ್ರಿ ಸಂಗೀತಕ್ಕೆ ಹೋಗ್ತಾರೆ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಇದೇ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ನಮಗೆ ಅವರು ಅಂದರೆ ಪದ್ಮವಿಭೂಷಣ, ಮೈಸೂರಿನ ಸಂಗೀತ ವಿಶ್ವವಿದ್ಯಾಲಯದ ಹೆಸರು, ಕ್ವಿಜ್ಜಿನ ಉತ್ತರ. ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಹುಡುಗಿ ಗಂಗೂ ನಮಗೆ ಗೊತ್ತಿರಲಿಲ್ಲ. ನೆರೆಯವರ ತೋಟದ ಮಾವಿನಕಾಯಿಗೆ ಕೈ ಹಾಕಿದಾಗ ಬೈಸಿಕೊಂಡಿದ್ದು ಕಳ್ಳತನಕ್ಕಲ್ಲ, ಹಾಡುವವರ ಮಗಳು ನಮ್ಮ ತೋಟದೊಳಗೆ ಕಾಲಿಟ್ಟಳಲ್ಲ ಅಂತ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಮುಂದೆ ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡೋದಕ್ಕಿಂತ ಹೆಚ್ಚು ಹೆದರಿಕೆ ಇದ್ದದ್ದು ಊಟದ ಹೊತ್ತಿಗೆ ಎಲ್ಲಿ ತನಗೆ ಎಂಜಲೆಲೆ ಎತ್ತು ಅಂತಾರೋ ಅನ್ನೋದಕ್ಕೆ. ಮುಂದೆ ಅದೇ ಮಂದಿ ಮನೆಗೆ ಕರೆದು ಊಟ ಹಾಕಿದರಂತೆ. ‘ನನ್ನ ಬದುಕಿನ ಹಾಡು’ ಅನ್ನೋ ಅವರ ಆತ್ಮಕತೆ ಇದೆ. ಹಂಗೇ ಅಣ್ಣಿಗೇರಿಯ ಗೆಳೆಯರು ಪಂಪ ನಮ್ಮೂರಿನವ ಅಂತ ಎದೆ ತಟ್ಟಿಕೊಳ್ಳೋರು. ಮನುಷ್ಯಕುಲ ಒಂದೇ ಅಂತ ಸಾವಿರ ವರ್ಷದ ಹಿಂದೆ ಪಂಪ ಬರೆದ ಸಾಲನ್ನು ರಾಜ್ಯೋತ್ಸವದ ಟೀಶರ್ಟಿನ ಮೇಲೆ ಪ್ರಿಂಟ್ ಹಾಕಿಸಿದ್ದು ನಮ್ಮ ಬಳಗವೇ. ಟೀಶರ್ಟ್ ಚೆನ್ನಾಗಿತ್ತು, ಇನ್ನೂ ಹಾಕಿಕೊಳ್ತೀವಿ.

ಈಗ ಕಷ್ಟದ ಭಾಗ. ಹಾರ್ಪರ್ ಲೀಯವರ ಇನ್ನೊಂದು ಪುಸ್ತಕ 2015ರಲ್ಲಿ ಬಂತು, ‘ಗೋ ಸೆಟ್ ಎ ವಾಚ್‌ಮನ್’. ಬರೆದಿದ್ದು ಮಾಕಿಂಗ್‌ಬರ್ಡ್‌ಗಿಂತ ಮೊದಲೇ. ಅದರಲ್ಲಿ ಸ್ಕೌಟ್‌ಗೆ ಇಪ್ಪತ್ತಾರು. ನ್ಯೂಯಾರ್ಕಿನಿಂದ ರಜೆಗೆ ಊರಿಗೆ ಬಂದು, ಕರಿಯರಿಗೆ ಸಮಾನ ಹಕ್ಕು ಬೇಡ ಅನ್ನುವವರ ಸಭೆಯಲ್ಲಿ ತನ್ನ ಅಪ್ಪ ಅಟಿಕಸ್ ಕೂತಿರೋದನ್ನು ನೋಡ್ತಾಳೆ. ಲೋಕದ ಓದುಗರೆಲ್ಲ ಬೇಜಾರಾದರು, ಮಗುವಿಗೆ ಅಟಿಕಸ್ ಅಂತ ಹೆಸರಿಟ್ಟವರಂತೂ ಇನ್ನೂ. ಕಾದಂಬರಿಯಾಗಿ ಅದು ಅಷ್ಟು ಒಳ್ಳೆಯದಲ್ಲ, ನಾಲ್ವರಲ್ಲಿ ಇಬ್ಬರು ಪೂರ್ತಿ ಓದಲೂ ಇಲ್ಲ. ಆದರೆ ಹತ್ತೊಂಬತ್ತು ವರ್ಷದ ನಮಗೆ ಬೇಕಾಗಿದ್ದು ಆ ಪುಸ್ತಕವೇ ಅನ್ನಿಸಿತು. ಕೆಟ್ಟವರು ಕೆಟ್ಟದ್ದು ಮಾಡ್ತಾರೆ ಅಂತ ತಿಳಿಯೋಕೆ ಆರು ವರ್ಷ ಸಾಕು. ನಮ್ಮ ಮನೆಯ ಒಳ್ಳೆಯವರು ಮಾಡ್ತಾರೆ ಅನ್ನೋದನ್ನು ನೋಡೋಕೆ ಇಷ್ಟು ವರ್ಷ ಬೇಕಾಯ್ತು. ಯಾಕಂದ್ರೆ ನಮ್ಮ ಅಜ್ಜ ಒಳ್ಳೆಯವರು. ಆ ಹೆಣ್ಣುಮಗಳ ಮಗನ ಹೈಸ್ಕೂಲ್ ಫೀ ಕಟ್ಟಿದ್ದು ಅವರೇ. ಬರಗಾಲದಲ್ಲಿ ಜೋಳ ಕೊಟ್ಟವರು. ಅದೇ ಅಜ್ಜನ ಮನೆಯ ಮಾಡದಲ್ಲಿ ಆ ಕಪ್ಪು.

ಕೂಟ ಆದ ಮೇಲಿನ ರಜೆಯಲ್ಲಿ ಊರಿಗೆ ಹೋದಾಗ ಕೇಳಿಯೇಬಿಟ್ಟೆವು. ಅಜ್ಜ ಪೇಪರ್ ಮಡಚಿಟ್ಟು, ‘ಆಕಿ ಕೇಳ್ಯಾಳೇನು? ಆಕಿ ಕೇಳದಿದ್ದ ಮ್ಯಾಲೆ ನಿನಗ್ಯಾಕ ಈ ಉಸಾಬರಿ? ಇಂಜಿನಿಯರಿಂಗ್ ಕಲಿಯಾಕ ಕಳಿಸೇವಿ, ಇದನ್ನ ಕಲಿಯಾಕಲ್ಲ’ ಅಂದರು. ಅವ್ವನಿಗೆ ಅಳು ಬಂತು. ‘ನನಗೇನು ಆಕಿ ಮ್ಯಾಲೆ ಸಿಟ್ಟ ಐತೇನು? ನಮ್ಮತ್ತಿ ಹಿಂಗ ಇಟ್ಕೊಂಡ್ ಬಂದಿದ್ರು, ನಾನೂ ಇಟ್ಕೊಂಡ್ ಬಂದೇನಿ. ಮನ್ಯಾಗ ದೇವರು ಅದಾವು.’ ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್ ನೆನಪಾದ. ಗುಲಾಮ ಜಿಮ್‌ನನ್ನು ಹಿಡಿದುಕೊಡದೆ ಬಿಟ್ಟಾಗ ಆ ಹುಡುಗ ತಾನು ಪುಣ್ಯ ಮಾಡಿದೆ ಅಂದುಕೊಳ್ಳಲ್ಲ, ನರಕಕ್ಕೆ ಹೋಗೋದು ಗ್ಯಾರಂಟಿ ಅಂದುಕೊಳ್ತಾನೆ. ಅವನ ಊರು ಅವನಿಗೆ ಕಲಿಸಿದ ಮನಸ್ಸಾಕ್ಷಿ ಅದು. ಅವ್ವನ ಅಳುವೂ ನಾಟಕ ಅಲ್ಲ, ನಿಜವಾದ ಹೆದರಿಕೆ. ಹಂಗಂತ ಕಪ್ಪು ಸರಿ ಆಗಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಊಟಕ್ಕೆ ಕೂತೆವು, ಆವತ್ತು ಯಾರೂ ಹೆಚ್ಚು ಮಾತಾಡಲಿಲ್ಲ.

ಎರಡು ದಿನ ಬಿಟ್ಟು ಮಾಡದಲ್ಲಿ ಕಪ್ಪು ಇರಲಿಲ್ಲ. ಗೆದ್ದೆವು ಅಂದುಕೊಂಡೆವು. ಆಮೇಲೆ ನೋಡಿದರೆ ಅಡುಗೆಮನೆಯಲ್ಲಿ ನೂರರ ಪೇಪರ್ ಕಪ್ಪಿನ ಕಟ್ಟು. ಚಾದಂಗಡಿಗಳಲ್ಲೂ ಎರಡು ಗ್ಲಾಸಿನ ಪದ್ಧತಿ ಹೀಗೇ ಸದ್ದಿಲ್ಲದೆ ಮರೆಯಾಗಿದ್ದು. ಯಾರೂ ಮನಸ್ಸು ಬದಲಿಸಬೇಕಾಗಲಿಲ್ಲ, ಕುಡಿದು ಒಗೆದರೆ ಆಯ್ತು.

ಮಾಕಿಂಗ್‌ಬರ್ಡ್‌ನಲ್ಲಿ ಸ್ಕೌಟ್ ಕ್ಯಾಲ್‌ಪುರ್ನಿಯಾಗೆ ನಿಮ್ಮ ಮನೆಗೆ ಬರಲಾ ಅಂತ ಕೇಳ್ತಾಳೆ. ಅತ್ತೆ ಬೇಡ ಅಂತಾಳೆ, ಅದು ಬೇರೆ ಮಾತು. ಹುಡುಗಿ ಕೇಳಿದಳು. ನಾವು ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಐನೂರು ಹೆಜ್ಜೆ ಇರಬಹುದು, ಹನುಮಪ್ಪನ ಗುಡಿ ದಾಟಿ ಎಡಕ್ಕೆ. ಆ ದಾರಿಯಲ್ಲಿ ಸೈಕಲ್ ಹೊಡೆದಿದ್ದೇವೆ, ಒಳಗೆ ಹೋಗಿಲ್ಲ. ರಜೆ ಮುಗಿಯೋ ಹಿಂದಿನ ದಿನ ಹೋದೆವು, ಕಲಘಟಗಿಯ ಗೆಳೆಯನೂ ಬಂದಿದ್ದ.

ಅವರು ಬಾಗಿಲಲ್ಲಿ ಕೂತು ಹೆಸರುಕಾಳು ಹಸನು ಮಾಡ್ತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಿ ಎದ್ದು ಸೆರಗು ಸರಿಮಾಡಿಕೊಂಡರು. ‘ಯಾಕ್ರೀ ಸಣ್ಣಗೌಡ್ರ, ಹೇಳಿ ಕಳಿಸಿದ್ರ ನಾನ ಬರ್ತಿದ್ನೆಲ್ರಿ.’ ಸುಮ್ಮನೆ ಬಂದ್ವಿ ಅಂದರೆ ನಂಬಲಿಲ್ಲ. ಕುರ್ಚಿ ತಂದು ಅಂಗಳದಲ್ಲಿ ಹಾಕಿದರು, ತಾವು ಕೂರಲಿಲ್ಲ. ನಾವು ‘ನೀವೂ ಕೂಡ್ರಿ’ ಅಂದೆವು. ಅವರಿಗೆ ನಾವು ‘ನೀವು’ ಅಂದಿದ್ದು ಅದೇ ಮೊದಲು, ಅದು ಅವರಿಗೆ ಖುಷಿ ಕೊಟ್ಟಂತೆ ಕಾಣಲಿಲ್ಲ, ಏನೋ ತಪ್ಪಾಗಿದೆ ಅನ್ನೋ ಹಾಗೆ ನೋಡಿದರು. ವಾಚ್‌ಮನ್ ಪುಸ್ತಕದಲ್ಲಿ ದೊಡ್ಡವಳಾದ ಸ್ಕೌಟ್ ಮುದುಕಿ ಕ್ಯಾಲ್‌ಪುರ್ನಿಯಾರನ್ನು ನೋಡಲು ಹೋದಾಗಲೂ ಹಿಂಗೇ. ಎತ್ತಿ ಬೆಳೆಸಿದವರು ಹೊರಗಿನವರ ಮುಂದೆ ಇಟ್ಟುಕೊಳ್ಳುವ ಮರ್ಯಾದೆ ಇಟ್ಟುಕೊಂಡು ಮಾತಾಡ್ತಾರೆ.

ನೀರು ಕೇಳಿದೆವು. ಬೇಕಂತಲೇ ಕೇಳಿದ್ದು, ಅವರ ಮನೆಯ ಕೊಡದ ನೀರು ಕುಡಿಯೋಣ ಅಂತ ದಾರಿಯಲ್ಲೇ ಮಾತಾಡಿಕೊಂಡಿದ್ದೆವು. ಅವರು ಒಳಗೆ ಹೋಗಿ ಮೊಮ್ಮಗನ ಕಿವಿಯಲ್ಲಿ ಏನೋ ಹೇಳಿ ಇಪ್ಪತ್ತರ ನೋಟು ಕೊಟ್ಟರು. ಹುಡುಗ ಓಡಿಹೋಗಿ ಅಂಗಡಿಯಿಂದ ನೀರಿನ ಬಾಟಲಿ ತಂದ. ‘ಸೀಲ್ ಐತ್ರಿ’ ಅಂದರು, ನಮ್ಮ ಮುಂದೆ ಹಿಡಿದು. ನಮಗೆ ಆ ಕೊಡದ ನೀರೇ ಕೊಡ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಮುಚ್ಚಳ ತಿರುವಿ ಕುಡಿದೆವು. ಆವಾಗ ಒಳಗೊಳಗೇ ಸ್ವಲ್ಪ ಸಮಾಧಾನ ಆಯ್ತೋ ಇಲ್ಲವೋ ಅನ್ನೋದರ ಬಗ್ಗೆ ನಮ್ಮಲ್ಲೇ ಇನ್ನೂ ಜಗಳ ಇದೆ. ಒಬ್ಬರು ಆಯ್ತು ಅಂತ ಒಪ್ಪಿಕೊಂಡಿದ್ದಾರೆ.

ಇದನ್ನೆಲ್ಲ ಹಾಸ್ಟೆಲಿಗೆ ಬಂದು ನಮ್ಮ ಗೆಳೆಯನಿಗೆ ಹೇಳಿದೆವು. ಅವನು ಶಭಾಶ್ ಅನ್ನಲಿಲ್ಲ. ‘ಇಪ್ಪತ್ತು ರೂಪಾಯಿ ವಾಪಸ್ ಕೊಟ್ರೇನು?’ ಅಂತ ಕೇಳಿದ. ಕೊಟ್ಟಿರಲಿಲ್ಲ.

ಬಳಗಕ್ಕೆ ನಮ್ಮದೊಂದು ಬೇಡಿಕೆ. ಬರುವ ನಾಲ್ಕು ಶುಕ್ರವಾರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಕೂಟದಲ್ಲಿ ಜೋರಾಗಿ ಓದೋಣ. ಲೈಬ್ರರಿಯಲ್ಲಿರುವ ಒಂದು ಪ್ರತಿ ಈಗ ನಮ್ಮ ಹತ್ತಿರ ಇದೆ, ಎರಡು ಸಲ ರಿನ್ಯೂ ಮಾಡಿಸಿದ್ದೇವೆ. ಇನ್ನೂ ಐದು ಪ್ರತಿ ಕೊಳ್ಳೋಕೆ ಟೀಶರ್ಟ್ ಫಂಡಿನಲ್ಲಿ ದುಡ್ಡು ಉಳಿದಿದೆ ಅಂತ ಖಜಾಂಚಿ ಹೇಳಿದ್ದಾರೆ. ಓದುವವರು ನಮ್ಮಂಥವರೇ ಆಗಲಿ, ತಡವರಿಸಿದರೂ ಪರವಾಗಿಲ್ಲ. ನಮ್ಮ ಗೆಳೆಯನನ್ನೂ ಕರೆದೆವು. ಬರ್ತೀನಿ ಅಂದಿದ್ದಾನೆ, ಒಂದು ಕಂಡೀಷನ್ ಹಾಕಿ: ‘ಓದುವಾಗ ಸಲಸಲಕ್ಕೂ ನನ್ನ ಕಡೆ ಹೊಳ್ಳಿ ನೋಡಬ್ಯಾಡ್ರಿ.’